ಅಗ್ಗದ ಪೋರ್ಷೆಯ ಹೊಟ್ಟೆಯೊಳಗೆ

ಬೆಂಗಳೂರಿನ ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ‘ಒಂದು 6204 ಕೊಡಿ’ ಎಂದರೆ ಅಂಗಡಿಯವರು ಯಾವ ಕಂಪನಿಯದು ಬೇಕು ಎಂದಷ್ಟೇ ಕೇಳುತ್ತಾರೆ. ಒಳವ್ಯಾಸ 20 ಮಿಲಿಮೀಟರ್, ಹೊರವ್ಯಾಸ 47, ದಪ್ಪ 14. ವಾಷಿಂಗ್ ಮಷೀನು, ನೀರೆತ್ತುವ ಮೋಟಾರು, ಹಿಟ್ಟಿನ ಗಿರಣಿ, ಎಲ್ಲಿ ಬೇಕಾದರೂ ಸಿಗುವ ಮಾಲು. ಕೆಲವು ನೂರು ರೂಪಾಯಿಯ ಬಾಬತ್ತು. ಇದೇ ಅಳತೆಯ ಬೇರಿಂಗೊಂದು 2000ದಿಂದ 2005ರ ಸುಮಾರಿಗೆ ತಯಾರಾದ ಬಹುಪಾಲು ಪೋರ್ಷೆ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳ ಎಂಜಿನ್ನಿನೊಳಗೆ ಕೂತಿದೆ. ಅದು ಪುಡಿಯಾದರೆ ಅದರ ಜೊತೆಗೆ ಎಂಜಿನ್ನೂ ಹೋಗುತ್ತದೆ. ಪೂರ್ತಿ ಕಟ್ಟಿದ ಬದಲಿ ಎಂಜಿನ್ನಿಗೆ ಅಮೆರಿಕದಲ್ಲಿ 20 ಸಾವಿರ ಡಾಲರಿನ ಆಸುಪಾಸು ತೆರಬೇಕು. ಎಷ್ಟೋ ಸಲ ಇಡೀ ಕಾರಿಗೇ ಅಷ್ಟು ಬೆಲೆ ಇರುವುದಿಲ್ಲ.

ಹಳೆಯ ಐಷಾರಾಮಿ ಕಾರಿನ ಲೆಕ್ಕಾಚಾರದಲ್ಲಿ ಎಲ್ಲರೂ ಎಡವುವುದು ಇಲ್ಲೇ. 1999ರಲ್ಲಿ ಅಮೆರಿಕದಲ್ಲಿ ಹೊಸ 911 ಕರೇರಾದ ಬೆಲೆ ಸುಮಾರು 65 ಸಾವಿರ ಡಾಲರ್. ಹತ್ತು ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದೇ ಕಾರು 20 ಸಾವಿರಕ್ಕೆ, ಅಂದರೆ ಹೊಸ ಟೊಯೋಟಾ ಕ್ಯಾಮ್ರಿಯ ದರಕ್ಕೆ, ಇಳಿದಿತ್ತು. ಬಾಕ್ಸ್‌ಸ್ಟರ್ ಇನ್ನೂ ಅಗ್ಗ. ಕೊಳ್ಳುವವನು ಕ್ಯಾಮ್ರಿಯ ದುಡ್ಡು ಕೊಟ್ಟಿರುತ್ತಾನೆ, ಆದರೆ ಮನೆಗೆ ತಂದದ್ದು 65 ಸಾವಿರದ ಕಾರನ್ನೇ. ಕಾರಿನ ದರ ಇಳಿದಂತೆಲ್ಲ ಬಿಡಿಭಾಗದ ದರವಾಗಲೀ ಮೆಕ್ಯಾನಿಕ್ಕಿನ ಗಂಟೆಯ ಕೂಲಿಯಾಗಲೀ ಇಳಿಯುವುದಿಲ್ಲ. ಬೇ ಏರಿಯಾದ ಕನ್ನಡ ಕುಟುಂಬಗಳ ಕೂಟದಲ್ಲಿ ಯಾರಾದರೂ ‘ಹಳೇ ಪೋರ್ಷೆ ಸಸ್ತಾಕ್ಕೆ ಸಿಕ್ತು’ ಅಂದರೆ, ಕಾರು ಬಲ್ಲವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಐಎಂಎಸ್ ಮಾಡಿಸಿದ್ದಾರಾ?’

ಐಎಂಎಸ್ ಅಂದರೆ ಇಂಟರ್‌ಮೀಡಿಯೆಟ್ ಶಾಫ್ಟ್. ಆ ಮೂರಕ್ಷರದ ಹಿಂದೆ ಒಂದು ಕಂಪನಿಯ ಬಡತನದ ಕತೆಯಿದೆ.

1980ರ ದಶಕದ ನಡುವಿನಲ್ಲಿ ವರ್ಷಕ್ಕೆ 50 ಸಾವಿರದಷ್ಟು ಕಾರು ಮಾರುತ್ತಿದ್ದ ಪೋರ್ಷೆ 1993ರ ಹೊತ್ತಿಗೆ 15 ಸಾವಿರಕ್ಕೂ ಕೆಳಗೆ ಬಂದಿತ್ತು. ಡಾಲರ್ ಕುಸಿದಿತ್ತು, ಅಮೆರಿಕದ ಗಿರಾಕಿಗಳು ಕೈಬಿಟ್ಟಿದ್ದರು. ಬೇರೆ ಯಾರಾದರೂ ಕೊಂಡುಕೊಳ್ಳುತ್ತಾರೆ ಎಂಬ ಸುದ್ದಿ ಆಗಾಗ ಏಳುತ್ತಿತ್ತು. ಉತ್ಪಾದನೆಯ ಹೊಣೆ ಹೊತ್ತು, ಆಮೇಲೆ ಕಂಪನಿಯ ಮುಖ್ಯಸ್ಥರೇ ಆದ ವೆಂಡೆಲಿನ್ ವೀಡೆಕಿಂಗ್ ಟೊಯೋಟಾದಲ್ಲಿ ಪಳಗಿದ ಜಪಾನಿ ಸಲಹೆಗಾರರನ್ನು ಸ್ಟುಟ್‌ಗಾರ್ಟ್‌ನ ಝುಫೆನ್‌ಹೌಸನ್ ಕಾರ್ಖಾನೆಗೆ ಕರೆಸಿದರು. ಆಳೆತ್ತರಕ್ಕೂ ಮೀರಿ ಬಿಡಿಭಾಗ ಪೇರಿಸಿದ್ದ ಕಪಾಟುಗಳನ್ನು ಕಂಡ ಸಲಹೆಗಾರರು ವೀಡೆಕಿಂಗ್ ಕೈಗೇ ಗರಗಸ ಕೊಟ್ಟು ಮೇಲಿನರ್ಧ ಕತ್ತರಿಸಿಹಾಕಿಸಿದ ಪ್ರಸಂಗ ಕೈಗಾರಿಕಾ ವಲಯದಲ್ಲಿ ಇವತ್ತಿಗೂ ಓಡಾಡುತ್ತದೆ. ಕಾರುಗಳಲ್ಲೂ ಅದೇ ಗರಗಸ ಆಡಿತು. 1996ರ ಬಾಕ್ಸ್‌ಸ್ಟರ್ ಮತ್ತು 1997ರ ಹೊಸ 911, ಅಂದರೆ ಒಳಗಿನವರು 996 ಎನ್ನುವ ಮಾದರಿ, ಮುಂದಿನರ್ಧ ಮೈಯನ್ನು ಹಂಚಿಕೊಂಡೇ ಹುಟ್ಟಿದವು. ಎಂಜಿನ್ನೂ ಒಂದೇ ಕುಲದ್ದು, ಹೆಸರು ಎಂ96. ಮೂರು ದಶಕ ಗಾಳಿಯಿಂದ ತಣಿಯುತ್ತಿದ್ದ 911ರ ಎಂಜಿನ್ನಿಗೆ ಮೊದಲ ಸಲ ನೀರಿನ ಕೊಳವೆ ಬಂತು. ಕಂಪನಿ ಉಳಿಯಿತು. ಅದನ್ನು ಉಳಿಸಿದ ಎಂಜಿನ್ನೇ ಮುಂದೆ ಕೊಂಡವರ ನಿದ್ದೆ ಕೆಡಿಸಿತು.

ಎಂ96ರಲ್ಲಿ ಆರು ಸಿಲಿಂಡರು; ಮೂರು ಎಡಕ್ಕೆ, ಮೂರು ಬಲಕ್ಕೆ ಅಂಗಾತ ಮಲಗಿವೆ. ನಡುವೆ ಕ್ರ್ಯಾಂಕ್ ಶಾಫ್ಟ್. ಎರಡೂ ಬದಿಯ ವಾಲ್ವುಗಳು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚಬೇಕು. ಇದಕ್ಕಾಗಿ ಕ್ರ್ಯಾಂಕಿನ ಕೆಳಗೆ ಇನ್ನೊಂದು ಟೊಳ್ಳು ಶಾಫ್ಟ್ ಇಟ್ಟು, ಕ್ರ್ಯಾಂಕಿನಿಂದ ಒಂದು ಚೈನಿನ ಮೂಲಕ ಅದನ್ನು ತಿರುಗಿಸಿ, ಅದರ ಆ ತುದಿ ಈ ತುದಿಯಿಂದ ಎಡಕ್ಕೊಂದು ಬಲಕ್ಕೊಂದು ಚೈನು ಎಳೆದಿದ್ದಾರೆ. ಆ ನಡುವಿನ ಶಾಫ್ಟೇ ಐಎಂಎಸ್. ಗಾಳಿಯಿಂದ ತಣಿಯುವ ಹಳೆಯ 911ರಲ್ಲೂ ಇಂಥ ಶಾಫ್ಟ್ ಇತ್ತು, ಆದರೆ ಅದು ಸಾದಾ ಬುಶ್ಶಿನ ಮೇಲೆ ತಿರುಗುತ್ತಿತ್ತು. ಒತ್ತಡದಿಂದ ಬರುವ ಆಯಿಲ್ ಅದನ್ನು ತೇಲಿಸಿಟ್ಟಿರುತ್ತಿತ್ತು. ಅದು ಕೆಟ್ಟದ್ದು ಯಾರಿಗೂ ದೊಡ್ಡ ಸುದ್ದಿಯಾಗಲಿಲ್ಲ. ಹೊಸ ಎಂಜಿನ್ನಿನಲ್ಲಿ ಫ್ಲೈವೀಲಿನ ಕಡೆಯ ತುದಿಗೆ ಆ ಏರ್ಪಾಟು ಕೈಬಿಟ್ಟು, ಗ್ರೀಸ್ ತುಂಬಿ ಎರಡೂ ಬದಿ ಸೀಲ್ ಮಾಡಿದ ಬಾಲ್ ಬೇರಿಂಗ್ ತುರುಕಿದರು. ಆಯಿಲಿನ ದಾರಿ ಕೊರೆಯುವ ಕೆಲಸ ತಪ್ಪಿತು. ಮೊದಲ ವರ್ಷಗಳಲ್ಲಿ ಅದು ಎರಡು ಸಾಲು ಗುಂಡಿನದು. 2000ದ ಹೊತ್ತಿಗೆ ಒಂದೇ ಸಾಲಿನದಾಯಿತು.

ಈಗ ಆ ಗುಂಡುಗಳ ಮಟ್ಟಕ್ಕೆ ಇಳಿಯೋಣ.

ಉಕ್ಕಿನ ಗುಂಡೊಂದು ಉಕ್ಕಿನ ಹಳ್ಳದಲ್ಲಿ ಉರುಳುವಾಗ ಎರಡೂ ತಾಗುವ ಜಾಗ ಎಳ್ಳುಕಾಳಿಗಿಂತ ಚಿಕ್ಕದು. ಚೈನಿನ ಎಳೆತವೆಲ್ಲ ಆ ಚೂರು ಜಾಗದ ಮೇಲೆ ಬೀಳುವುದರಿಂದ ಅಲ್ಲಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಹತ್ತು ಸಾವಿರ ಪಟ್ಟು, ಕೆಲವೊಮ್ಮೆ ಅದಕ್ಕೂ ಮೀರಿ ಏರುತ್ತದೆ. ಎರಡು ಗೋಳಗಳು ಒತ್ತಿಕೊಂಡಾಗ ಏನಾಗುತ್ತದೆಂಬ ಗಣಿತವನ್ನು ಹೈನ್‌ರಿಕ್ ಹರ್ಟ್ಸ್ 1880ರ ದಶಕದ ಆರಂಭದಲ್ಲೇ ಬರೆದಿಟ್ಟಿದ್ದ. ಇನ್ನೂ ರೇಡಿಯೋ ತರಂಗಗಳ ಹತ್ತಿರ ಸುಳಿಯದ, ಇಪ್ಪತ್ತರ ಹರೆಯದ ಹರ್ಟ್ಸ್. ಆ ಲೆಕ್ಕ ಹೇಳುವ ಸ್ವಾರಸ್ಯದ ಸಂಗತಿಯೊಂದಿದೆ. ಲೋಹವನ್ನು ಕತ್ತರಿಸುವಂಥ ಎಳೆದಾಟ ಅತಿ ಹೆಚ್ಚಾಗಿರುವುದು ಮೇಲ್ಮೈಯಲ್ಲಿ ಅಲ್ಲ, ಅದರ ತುಸು ಕೆಳಗೆ. ಗುಂಡು ಹಾದುಹೋದಾಗಲೆಲ್ಲ ಆ ಆಳದ ಉಕ್ಕು ಒಮ್ಮೆ ಹಿಂಡಿಕೊಂಡು ಬಿಡುತ್ತದೆ. ಕೋಟಿಗಟ್ಟಲೆ ಸಲ ಹೀಗಾದ ಮೇಲೆ ಅಲ್ಲೊಂದು ಬಿರುಕು ಮೊಳೆತು, ಮೇಲಕ್ಕೆ ಹಬ್ಬಿ, ಒಂದು ಚಕ್ಕೆ ಎದ್ದುಬರುತ್ತದೆ. ಆ ಹಳ್ಳಕ್ಕೆ ಮುಂದಿನ ಗುಂಡು ಬಿದ್ದು ಏಳುತ್ತದೆ. ಆಮೇಲೆ ಎಲ್ಲವೂ ಬೇಗ ಬೇಗ.

ಇಂಥ ದಣಿವಿಗೆ ಆಯಸ್ಸಿನ ಲೆಕ್ಕ ಹಾಕಿಕೊಟ್ಟವರು ಸ್ವೀಡನ್ನಿನ ಲುಂಡ್‌ಬರ್ಗ್ ಮತ್ತು ಪಾಲ್ಮ್‌ಗ್ರೆನ್, 1947ರಲ್ಲಿ. ಇವತ್ತಿಗೂ ಪ್ರತಿ ಬೇರಿಂಗ್ ಕಂಪನಿಯ ಕೈಪಿಡಿ ಅವರ ಸೂತ್ರವನ್ನೇ ನೆಚ್ಚಿಕೊಂಡಿದೆ. ಬಾಲ್ ಬೇರಿಂಗಿನ ಆಯಸ್ಸು ಹೊರೆಯ ಘನಕ್ಕೆ ವಿಲೋಮ. ಹೊರೆ ಎರಡು ಪಟ್ಟಾದರೆ ಆಯಸ್ಸು ಎಂಟರಲ್ಲಿ ಒಂದು ಪಾಲಾಗುತ್ತದೆ. ಬೇರಿಂಗಿನ ತಾಳಿಕೆ ಮೂರನೇ ಒಂದರಷ್ಟು ಹೆಚ್ಚಿದರೆ ಸಾಕು, ಆಯಸ್ಸು ಎರಡು ಪಟ್ಟಿಗೂ ಮೀರುತ್ತದೆ. ಎರಡು ಸಾಲು ಗುಂಡನ್ನು ಒಂದು ಸಾಲಿಗೆ ಇಳಿಸಿದ್ದು ಎಂಥ ಉಳಿತಾಯ ಎಂಬುದನ್ನು ಓದುಗರೇ ಲೆಕ್ಕ ಹಾಕಬಹುದು.

ಆದರೆ ‘ಆಯಸ್ಸು’ ಎಂದು ಕೈಪಿಡಿ ಹೇಳುವಾಗ ಅದರ ಅರ್ಥವೇ ಬೇರೆ. ಒಂದೇ ಬಗೆಯ ನೂರು ಬೇರಿಂಗುಗಳನ್ನು ಒಂದೇ ಹೊರೆಯಲ್ಲಿ ಓಡಿಸಿದಾಗ ಹತ್ತು ಕೆಡುವಷ್ಟು ಹೊತ್ತಿಗೆ ಇಂಜಿನಿಯರರು ಆಯಸ್ಸು ಎನ್ನುತ್ತಾರೆ. ಉಳಿದ ತೊಂಬತ್ತು ಇನ್ನೂ ಓಡುತ್ತಿರುತ್ತವೆ. ಅರ್ಧದಷ್ಟು ಬೇರಿಂಗುಗಳು ಅದರ ಐದು ಪಟ್ಟು ಬಾಳುತ್ತವೆ. ಅಂದರೆ ಯಾವೊಂದು ಬೇರಿಂಗಿನ ಜಾತಕವೂ ಸೂತ್ರಕ್ಕೆ ಗೊತ್ತಿಲ್ಲ, ಗುಂಪಿನದಷ್ಟೇ ಗೊತ್ತು. ಇನ್ನೂ ವಿಚಿತ್ರವೆಂದರೆ, ವೈಬುಲ್ ಎಂಬ ಇನ್ನೊಬ್ಬ ಸ್ವೀಡನ್ನಿನವನ ಸಂಖ್ಯಾಶಾಸ್ತ್ರ ಬಳಸಿ ಆ ಇಬ್ಬರು ಕಂಡುಕೊಂಡ ಅಂಕಿ, ಬಾಲ್ ಬೇರಿಂಗಿನಲ್ಲಿ ಮುಪ್ಪಿನ ಪರಿಣಾಮ ತೀರಾ ಕಡಿಮೆ ಎನ್ನುತ್ತದೆ. ನಿನ್ನೆಯವರೆಗೆ ಬಾಳಿದ ಬೇರಿಂಗ್ ನಾಳೆ ಕೆಡುವ ಸಾಧ್ಯತೆ, ಹೊಸದು ಕೆಡುವ ಸಾಧ್ಯತೆಗಿಂತ ಬಹಳವೇನೂ ಬೇರೆಯಲ್ಲ. ಹಾಗಾಗಿ ‘ಲಕ್ಷ ಕಿಲೋಮೀಟರ್ ಓಡಿದೆ, ಕೆಡುವುದಿದ್ದರೆ ಇಷ್ಟು ಹೊತ್ತಿಗೆ ಕೆಟ್ಟಿರುತ್ತಿತ್ತು’ ಎಂಬ ಮಾರುವವನ ವಾದಕ್ಕೂ, ‘ಬರೀ ಮೂವತ್ತು ಸಾವಿರ ಓಡಿದೆ, ಹೊಸದರ ಹಾಗಿದೆ’ ಎಂಬ ಇನ್ನೊಬ್ಬನ ವಾದಕ್ಕೂ ಲೆಕ್ಕದಲ್ಲಿ ಅಷ್ಟೇನೂ ಬೆಲೆಯಿಲ್ಲ.

ಎರಡನೇ ವಾದವಂತೂ ತಿರುಗುಬಾಣ. ಏಕೆಂದರೆ ಈ ಬೇರಿಂಗನ್ನು ಕೊಲ್ಲುವುದು ಬರೀ ದಣಿವಲ್ಲ, ಜಿಡ್ಡಿನ ಕೊರತೆ ಕೂಡ.

ಗುಂಡಿಗೂ ಹಳ್ಳಕ್ಕೂ ನಡುವೆ ಒಂದು ಮೈಕ್ರಾನಿಗಿಂತ ತೆಳುವಾದ ಎಣ್ಣೆಯ ಪದರ ಇರಬೇಕು. ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಅದು. ಅಷ್ಟೊಂದು ಒತ್ತಡದಲ್ಲಿ ಎಣ್ಣೆ ಹಿಸುಕಿ ಹೊರಗೆ ಹೋಗಬೇಕಲ್ಲವೇ? ಹೋಗುವುದಿಲ್ಲ. ಆ ಕ್ಷಣಕ್ಕೆ ಎಣ್ಣೆಯ ಸ್ನಿಗ್ಧತೆ ಸಾವಿರಾರು ಪಟ್ಟು ಏರಿ, ಅದು ಹೆಚ್ಚುಕಡಿಮೆ ಘನವಸ್ತುವಿನ ಹಾಗೆ ವರ್ತಿಸುತ್ತದೆ. ಗುಂಡು ದಾಟಿದ ಕೂಡಲೇ ಮತ್ತೆ ದ್ರವ. ಪದರದ ದಪ್ಪ ಯಾವುದರ ಮೇಲೆ ನಿಂತಿದೆ ಎಂದು ಬ್ರಿಟನ್ನಿನ ಡೌಸನ್ ಮೊದಲಾದವರು ಲೆಕ್ಕ ಹಾಕಿದಾಗ ಬಂದ ಉತ್ತರ ನಮ್ಮ ಸಾಮಾನ್ಯ ತಿಳಿವಳಿಕೆಯನ್ನೇ ತಲೆಕೆಳಗು ಮಾಡಿತು. ಹೊರೆ ಎರಡು ಪಟ್ಟಾದರೆ ಪದರ ಸುಮಾರು ಶೇ. 5ರಷ್ಟು ಮಾತ್ರ ತೆಳುವಾಗುತ್ತದೆ. ವೇಗ ಅರ್ಧವಾದರೆ ಶೇ. 37ರಷ್ಟು ತೆಳುವಾಗುತ್ತದೆ. ಪದರವನ್ನು ಕಟ್ಟುವುದು ವೇಗ. ನಿಧಾನಕ್ಕೆ ತಿರುಗುವ ಬೇರಿಂಗಿನಲ್ಲಿ ಪದರ ಹರಿದು, ಉಕ್ಕಿಗೆ ಉಕ್ಕು ತಾಗುತ್ತದೆ.

ಈ ಕಾರುಗಳನ್ನು ಕೊಂಡವರು ಹೇಗೆ ಓಡಿಸಿದರು? ಜೋಪಾನವಾಗಿ. ವಾರಾಂತ್ಯಕ್ಕೊಮ್ಮೆ ಹೊರತೆಗೆದು, ಕಾಫಿ ಅಂಗಡಿಯವರೆಗೆ, ಎರಡು ಸಾವಿರ ಆರ್‌ಪಿಎಂ ದಾಟದಂತೆ. ಅಷ್ಟು ಚಿಕ್ಕ ಓಟದಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಉರಿದ ಪೆಟ್ರೋಲಿನಿಂದ ಬಂದ ನೀರಿನಾವಿ ಎಂಜಿನ್ನಿನೊಳಗೆ ಹನಿಯಾಗಿ ನಿಲ್ಲುತ್ತದೆ. ಉರಿಯದ ಪೆಟ್ರೋಲ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಆಮ್ಲ ಹುಟ್ಟುತ್ತದೆ. ಹೊಸ ಕಾರಿನ ಪುಸ್ತಕದಲ್ಲಿ ಆಯಿಲ್ ಬದಲಿಸಲು ಕೊಟ್ಟಿದ್ದ ಗಡುವು 15 ಸಾವಿರ ಮೈಲಿ, ನಮ್ಮ ಲೆಕ್ಕದಲ್ಲಿ 24 ಸಾವಿರ ಕಿಲೋಮೀಟರ್. ವರ್ಷಕ್ಕೆ ಮೂರು ಸಾವಿರ ಮೈಲಿ ಓಡುವ ಕಾರಿನಲ್ಲಿ ಆ ಹೊಲಸು ಎಷ್ಟು ಕಾಲ ಕೂತಿರುತ್ತಿತ್ತೋ! ಬೇರಿಂಗಿನ ಸೀಲು ಈ ಕತೆಯ ಖಳನಾಯಕ. ಬಿಸಿ ಆಯಿಲಿನ ಸಂಗದಲ್ಲಿ ವರ್ಷಗಟ್ಟಲೆ ಇದ್ದ ಸೀಲು ಗಡುಸಾಗಿ, ಆಯಿಲನ್ನು ಒಳಗೆ ಬಿಡುತ್ತದೆ. ಬಂದ ಆಯಿಲ್ ಗ್ರೀಸನ್ನು ತೊಳೆದುಹಾಕುತ್ತದೆ. ಹಾಗಂತ ಹೊಸ ಆಯಿಲ್ ಧಾರಾಳವಾಗಿ ಹರಿದು ಬರುವಷ್ಟು ದಾರಿಯೂ ಇಲ್ಲ. ಪೂರ್ತಿ ಮುಚ್ಚಿದ್ದರೆ ಒಳ್ಳೆಯದಿತ್ತು, ಪೂರ್ತಿ ತೆರೆದಿದ್ದರೆ ಇನ್ನೂ ಒಳ್ಳೆಯದಿತ್ತು.

ಬೇರಿಂಗನ್ನು ಬಿಚ್ಚುವಾಗ ಪಕ್ಕದಲ್ಲಿ ನಿಂತವರಿಗೆ ಇದು ಮೂಗಿಗೇ ತಿಳಿಯುತ್ತದೆ. ಕಾರನ್ನು ಮೇಲೆತ್ತಿ, ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ತೆಗೆದು, ಫ್ಲೈವೀಲ್ ಬಿಚ್ಚಿದ ಮೇಲೆ ಎಂಜಿನ್ನಿನ ಬೆನ್ನಿನಲ್ಲಿ ಅಂಗೈಯಗಲದ ಅಲ್ಯೂಮಿನಿಯಂ ಮುಚ್ಚಳವೊಂದು ಕಾಣುತ್ತದೆ. ಸುತ್ತ ಮೂರು ಬೋಲ್ಟು, ನಡುವೆ ಒಂದು ನಟ್ಟು. ಮೊದಲು ಕ್ರ್ಯಾಂಕ್ ಮತ್ತು ವಾಲ್ವು ತೆರೆಯುವ ಕ್ಯಾಮ್‌ಗಳನ್ನು ಅಲುಗದಂತೆ ಬಿಗಿದು, ಚೈನಿನ ಟೆನ್ಷನರ್‌ಗಳನ್ನು ಸಡಿಲಿಸಬೇಕು. ಇದನ್ನು ಮರೆತರೆ ರಿಪೇರಿಯೇ ಎಂಜಿನ್ನಿಗೆ ಮುಳುವಾದೀತು. ಮುಚ್ಚಳ ಎಳೆದು, ಪುಲ್ಲರ್ ಹಾಕಿ ಬೇರಿಂಗನ್ನು ಹೊರಗೆಳೆದಾಗ ಟೊಳ್ಳು ಶಾಫ್ಟಿನೊಳಗೆ ವರ್ಷಗಳಿಂದ ಸೇರಿಕೊಂಡಿದ್ದ ಕಪ್ಪು ಆಯಿಲ್ ಗಬ್ಬು ನಾರುತ್ತ ತೊಟ್ಟಿಕ್ಕುತ್ತದೆ. ಮೆಕ್ಯಾನಿಕ್ ಬೇರಿಂಗಿನ ಒಳಬಳೆಗೆ ಬೆರಳು ತೂರಿಸಿ ತಿರುಗಿಸುತ್ತಾನೆ. ಚೆನ್ನಾಗಿದ್ದರೆ ಸದ್ದಿಲ್ಲದೆ ಜಾರುತ್ತದೆ. ಕೆಡುವ ಹಾದಿಯಲ್ಲಿದ್ದರೆ ಕರಕರ ಎನ್ನುತ್ತದೆ, ಅಡ್ಡಡ್ಡ ಅಲುಗಾಡುತ್ತದೆ. ಸೀಲು ಕಿತ್ತರೆ ಗುಂಡುಗಳು ಕಂದು ತಿರುಗಿರುತ್ತವೆ. ಬೇರಿಂಗ್ ಪೂರ್ತಿ ಪುಡಿಯಾಗುವವರೆಗೂ ಕಾದಿದ್ದರೆ ಶಾಫ್ಟ್ ವಾಲಿ, ಚೈನು ಹಲ್ಲು ಜಾರಿ, ತೆರೆದಿದ್ದ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತಿತ್ತು. ಪುಡಿಯಾದ ಉಕ್ಕಿನ ಚೂರುಗಳು ಆಯಿಲಿನ ಜೊತೆ ಎಲ್ಲೆಡೆ ಹರಿಯುವುದರಿಂದ ಉಳಿದ ಭಾಗಗಳನ್ನೂ ನಂಬುವಂತಿರುತ್ತಿರಲಿಲ್ಲ.

ಎಷ್ಟು ಕಾರುಗಳಿಗೆ ಹೀಗಾಯಿತು? ಅಮೆರಿಕದಲ್ಲಿ ಮಾಲೀಕರು ಒಟ್ಟಾಗಿ ಹೂಡಿದ ದಾವೆಯೊಂದು 2013ರಲ್ಲಿ ರಾಜಿಯಲ್ಲಿ ಮುಗಿಯಿತು. 2001ರ ಮೇ 4ರಿಂದ 2005ರ ಫೆಬ್ರವರಿ 21ರವರೆಗೆ ತಯಾರಾದ ಬಾಕ್ಸ್‌ಸ್ಟರ್ ಮತ್ತು 911ಗಳಿಗೆ ಅದು ಅನ್ವಯ. ಆ ದಾವೆಯ ಹೆಸರಿನಲ್ಲಿ ಎಲ್ಲರೂ ಎತ್ತಿಹೇಳುವ ಅಂಕಿ ಒಂದು ಸಾಲಿನ ಬೇರಿಂಗಿಗೆ ಶೇ. 8ರಷ್ಟು, ಎರಡು ಸಾಲಿನದಕ್ಕೆ ಶೇ. 1ಕ್ಕೂ ಕಡಿಮೆ. ಈ ಶೇ. 8ನ್ನೇ ಇಟ್ಟುಕೊಂಡು ಒಂದು ಮನೆ ಲೆಕ್ಕ ಹಾಕೋಣ. 20 ಸಾವಿರ ಡಾಲರಿನ ಎಂಜಿನ್ನಿಗೆ ಶೇ. 8ರ ಗಂಡಾಂತರ ಎಂದರೆ ಸರಾಸರಿ ನಷ್ಟ 1,600 ಡಾಲರ್. ಬೇರಿಂಗ್ ಬದಲಿಸಲೆಂದೇ ಗೇರ್‌ಬಾಕ್ಸ್ ಇಳಿಸಿದರೆ ಎರಡೂವರೆ ಮೂರು ಸಾವಿರ ಡಾಲರ್ ಬೀಳುತ್ತದೆ. ಕ್ಲಚ್ ಸವೆದು ಹೇಗೂ ಗೇರ್‌ಬಾಕ್ಸ್ ಇಳಿಯುವಾಗಲೇ ಮಾಡಿಸಿದರೆ ಬೇರಿಂಗಿನ ಪಾಲಿನ ಹೆಚ್ಚುವರಿ ಖರ್ಚು ಸಾವಿರದ ಸುಮಾರು. ಹಾಗಾಗಿ ಕ್ಲಚ್ಚಿನ ಜೊತೆ ಮಾಡಿಸುವುದು ಲಾಭ, ಅದಕ್ಕಾಗಿಯೇ ಓಡುವುದು ಲೆಕ್ಕದಲ್ಲಿ ತುಸು ನಷ್ಟ. ನೆಮ್ಮದಿಗೆ ಬೆಲೆ ಕಟ್ಟುವವರು ಅದನ್ನೂ ಮಾಡಿಸುತ್ತಾರೆ, ನಾನಾದರೂ ಮಾಡಿಸಿಯೇನು.

ಆದರೆ ಮಾರುಕಟ್ಟೆ ಈ ಕಾರುಗಳ ದರದಿಂದ ಕಳೆದದ್ದು 1,600 ಡಾಲರನ್ನಲ್ಲ, ಅದರ ಹಲವು ಪಟ್ಟು. ಹೆಡ್‌ಲ್ಯಾಂಪಿನ ಆಕಾರ ಹಿಡಿಸದವರ ಪಾಲೂ ಅದರಲ್ಲಿದೆ ಅನ್ನಿ. ಅದು ಬಿಟ್ಟರೂ, ಅರ್ಥಶಾಸ್ತ್ರಿ ಜಾರ್ಜ್ ಅಕರ್‌ಲಾಫ್ ಬರೆದ, ಮೂರು ಪತ್ರಿಕೆಗಳು ತಿರಸ್ಕರಿಸಿದ ಮೇಲೆ 1970ರಲ್ಲಿ ಅಚ್ಚಾದ ಪ್ರಬಂಧ ಇಲ್ಲಿ ಹಾಗೇ ಕೂರುತ್ತದೆ. ಹಳೆ ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಅದಕ್ಕೇ ಕೊಳ್ಳುವವನು ಎಲ್ಲ ಕಾರಿಗೂ ಕೆಟ್ಟ ಕಾರಿನ ದರ ಕೇಳುತ್ತಾನೆ. ಒಳ್ಳೆಯ ಕಾರಿನವನು ಮಾರದೆ ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಮಾರುಕಟ್ಟೆಯಲ್ಲಿ ಕೆಟ್ಟವೇ ಹೆಚ್ಚುತ್ತವೆ. ಈ ತರ್ಕಕ್ಕೆ 2001ರಲ್ಲಿ ನೊಬೆಲ್ ಸಿಕ್ಕಿತು. ಬೇರಿಂಗಿನ ವಿಷಯದಲ್ಲಂತೂ ಮಾರುವವನಿಗೂ ಒಳಗುಟ್ಟು ಗೊತ್ತಿರುವುದಿಲ್ಲ. ಹಾಗಾಗಿ ಬೇರಿಂಗ್ ಬದಲಿಸಿದ ಒಂದು ರಸೀದಿ, ಖರ್ಚಾದ ದುಡ್ಡಿಗಿಂತ ಹೆಚ್ಚು ಬೆಲೆಯನ್ನು ಕಾರಿಗೆ ತಂದುಕೊಡುವುದುಂಟು.

ಐಎಂಎಸ್‌ನ ಸದ್ದಿನಲ್ಲಿ ಇನ್ನೊಂದು ಕಾಯಿಲೆ ಬಹುಕಾಲ ಮರೆಯಲ್ಲಿತ್ತು. ನನ್ನ ಎಣಿಕೆಯಲ್ಲಿ ಅದೇ ಹೆಚ್ಚು ಅಪಾಯದ್ದು, ಏಕೆಂದರೆ ಅದಕ್ಕೆ ಮುಂಜಾಗ್ರತೆಯ ಬಿಡಿಭಾಗ ಎಂಬುದೇ ಇಲ್ಲ. ಅದು ಸಿಲಿಂಡರಿನ ಗೋಡೆಯ ಗೀರು.

ಅಲ್ಯೂಮಿನಿಯಂ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್ನು ನೇರವಾಗಿ ಉಜ್ಜಿದರೆ ಒಂದಕ್ಕೊಂದು ಅಂಟಿ ಹರಿಯುತ್ತವೆ. ಹಳೆಯ ಉಪಾಯ ಎರಕದ ಕಬ್ಬಿಣದ ತೋಳು; ತೂಕ ಹೆಚ್ಚು. ಗಾಳಿಯಿಂದ ತಣಿಯುತ್ತಿದ್ದ 911ಗಳಲ್ಲಿ ನಿಕ್ಕೆಲಿನೊಳಗೆ ಸಿಲಿಕಾನ್ ಕಾರ್ಬೈಡ್ ಕಣ ಬೆರೆಸಿದ ನಿಕಾಸಿಲ್ ಲೇಪ ಬಂತು. ಗಟ್ಟಿ, ಆದರೆ ದುಬಾರಿ. ಎಂ96ಕ್ಕೆ ಆರಿಸಿಕೊಂಡದ್ದು ಲೋಕಾಸಿಲ್. ಸಿಲಿಕಾನ್ ಕಣಗಳಿಂದ ಕಟ್ಟಿದ, ಸ್ಪಂಜಿನಂತೆ ರಂಧ್ರಗಳಿರುವ ಕೊಳವೆಯನ್ನು ಅಚ್ಚಿನಲ್ಲಿಟ್ಟು, ಕರಗಿದ ಅಲ್ಯೂಮಿನಿಯಂ ಅನ್ನು ಒತ್ತಡದಿಂದ ಅದರೊಳಗೆ ಹಿಂಗಿಸುತ್ತಾರೆ. ಆಮೇಲೆ ಗೋಡೆಯನ್ನು ತೀಡಿ, ಮೆದು ಅಲ್ಯೂಮಿನಿಯಂ ತುಸು ಹಿಂದೆ ಸರಿದು ಗಟ್ಟಿ ಸಿಲಿಕಾನ್ ಹರಳುಗಳು ಮೇಲೆ ನಿಲ್ಲುವಂತೆ ಮಾಡುತ್ತಾರೆ. ಪಿಸ್ಟನ್ ಆ ಹರಳುಗಳ ನೆತ್ತಿಯ ಮೇಲೆ ಜಾರುತ್ತದೆ, ನಡುವಿನ ತಗ್ಗಿನಲ್ಲಿ ಆಯಿಲ್ ನಿಂತಿರುತ್ತದೆ. ಪಿಸ್ಟನ್ನಿನ ಮೈಗೂ ಕಬ್ಬಿಣದ ತೆಳು ಲೇಪ ಉಂಟು. ಜಾಣ ಏರ್ಪಾಟೇ ಸರಿ. ಆದರೆ ಆ ಲೇಪ ಸವೆದರೆ, ಅಥವಾ ಹರಳೊಂದು ಕಿತ್ತು ಬಂದರೆ, ಅದೇ ಉಳಿಯಾಗುತ್ತದೆ. ಚಳಿಯ ಬೆಳಗಿನಲ್ಲಿ ಎಂಜಿನ್ ಶುರುವಾದಾಗ ಹೆಚ್ಚಾಗಿ ಸಿಂಪಡಿಸಿದ ಪೆಟ್ರೋಲ್ ಗೋಡೆಯ ಆಯಿಲನ್ನು ತೊಳೆಯುತ್ತದೆ. ಆಗಲೇ ಯಾರಾದರೂ ಜೋರಾಗಿ ಆಕ್ಸಿಲರೇಟರ್ ತುಳಿದರೆ ಗೀರು ಬೀಳಲು ಅಷ್ಟೇ ಸಾಕು. 3.4, 3.6, 3.8 ಲೀಟರಿನ ದೊಡ್ಡ ಎಂಜಿನ್ನುಗಳಲ್ಲಿ ಇದು ಹೆಚ್ಚು, ಆರನೇ ಸಿಲಿಂಡರಿನಲ್ಲಂತೂ ಪದೇ ಪದೇ. ಕಾರು ಹೇಳುವ ಸುಳಿವುಗಳು ಮೂರು: ಟಕ್ ಟಕ್ ಎಂಬ ಸದ್ದು, ಆಗಾಗ ಆಯಿಲ್ ತುಂಬಬೇಕಾಗುವುದು, ಎರಡು ಬದಿಯ ಸೈಲೆನ್ಸರಿನಲ್ಲಿ ಒಂದು ಬದಿಯದು ಮಾತ್ರ ಮಸಿ ಹಿಡಿದಿರುವುದು. ರಿಪೇರಿ ಎಂದರೆ ಎಂಜಿನ್ನನ್ನು ಎರಡು ಹೋಳು ಮಾಡಿ, ಸಿಲಿಂಡರ್ ಕೊರೆದು, ನಿಕಾಸಿಲ್ ಹಚ್ಚಿದ ಹೊಸ ತೋಳು ಕೂರಿಸುವುದು. ಅಂದರೆ ಹಿಂದಿನ ತಲೆಮಾರಿನ ಎಂಜಿನ್ನಿಗೆ ಕಾರ್ಖಾನೆಯೇ ಕೊಟ್ಟಿದ್ದನ್ನು ಈಗ ಮಾಲೀಕ ತನ್ನ ಖರ್ಚಿನಲ್ಲಿ ಹಾಕಿಸಿಕೊಳ್ಳಬೇಕು.

ಸದ್ದುಗದ್ದಲದ ಕಾಯಿಲೆಗಳು ಇದರ ಮುಂದೆ ಅಗ್ಗ. ಏರ್ ಆಯಿಲ್ ಸೆಪರೇಟರ್ ಎಂಬ ಡಬ್ಬಿಯೊಂದಿದೆ. ಎಂಜಿನ್ನಿನ ಒಳಹಬೆಯಿಂದ ಆಯಿಲ್ ಸೋಸುವುದು ಅದರ ಕೆಲಸ. ಒಳಗಿನ ಪೊರೆ ಹರಿದರೆ ಎಂಜಿನ್ನು ಆಯಿಲನ್ನೇ ಉಸಿರಾಡಿ, ಹಿಂದಿನ ಅರ್ಧ ಬೀದಿ ಕಾಣದಷ್ಟು ಬಿಳಿ ಹೊಗೆ ಕಾರುತ್ತದೆ. ಮಾಲೀಕನ ಜೀವ ಬಾಯಿಗೆ ಬಂದಿರುತ್ತದೆ. ಬಿಡಿಭಾಗದ ದರ ಇನ್ನೂರು ಮುನ್ನೂರು ಡಾಲರ್. ಕೂಲೆಂಟ್ ತುಂಬುವ ಪ್ಲಾಸ್ಟಿಕ್ ತೊಟ್ಟಿ ಬಿಸಿ ತಣ್ಣಗಾಗಿ ಬಿರಿಯುತ್ತದೆ. ನೀರಿನ ಪಂಪಿನ ಪ್ಲಾಸ್ಟಿಕ್ ರೆಕ್ಕೆ ಮುರಿದು ಚೂರುಗಳು ಕೊಳವೆ ಕಟ್ಟುತ್ತವೆ. ಬಂಪರಿನ ಎರಡು ಬದಿ ಬಾಯಿಗಳಲ್ಲಿ ಒಣ ಎಲೆ ಸೇರಿ, ಕೊಳೆತು, ರೇಡಿಯೇಟರನ್ನು ತಿನ್ನುತ್ತದೆ. ಆಗಾಗ ಬ್ರಷ್ಷು ಹಿಡಿದು ಕಸ ತೆಗೆದರೆ ಖರ್ಚೇ ಇಲ್ಲ.

‘ಹಾಗಿದ್ದರೆ 911 ಟರ್ಬೋ ಕೊಳ್ಳುತ್ತೇನೆ’ ಎನ್ನುವವರಿದ್ದಾರೆ. ಆ ಕಾಲದ ಟರ್ಬೋ ಮತ್ತು ಜಿಟಿ3ಗಳಲ್ಲಿ ಇರುವುದು ಹಾನ್ಸ್ ಮೆಟ್ಸ್‌ಗರ್ ಹೆಸರಿನಿಂದ ಕರೆಯುವ, ರೇಸಿನ ವಂಶದ ಬೇರೆಯದೇ ಎಂಜಿನ್. ಅದರಲ್ಲಿ ಈ ಬೇರಿಂಗಿನ ಗೋಳಿಲ್ಲ. ಆದರೆ ಅದರ ನೀರಿನ ಕೊಳವೆಗಳನ್ನು ಬೆಸೆದಿಲ್ಲ, ಅಂಟಿನಿಂದ ಕೂರಿಸಿದ್ದಾರೆ. ನೂರಾರು ಸಲ ಕಾದು ತಣಿದ ಅಂಟು ಒಂದು ದಿನ ಕೈಬಿಟ್ಟರೆ ಕೂಲೆಂಟ್ ಪೂರ್ತಿ ಹಿಂದಿನ ಟಯರಿನ ಮೇಲೇ ಸುರಿಯುತ್ತದೆ. ರೇಸ್ ಟ್ರ್ಯಾಕಿನ ತಿರುವಿನಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ ಇಳಿಸಿ, ಕೊಳವೆ ಬೆಸೆಯಬೇಕು ಇಲ್ಲವೇ ಮೊಳೆ ಕೂರಿಸಬೇಕು. ಕೆಲವು ಸಾವಿರ ಡಾಲರ್.

ಕೊಳ್ಳುವ ಮುಂಚೆ ನೋಡಬೇಕಾದ್ದು ಹೊಳೆಯುವ ಬಣ್ಣವನ್ನಲ್ಲ. ಆಯಿಲ್ ಫಿಲ್ಟರ್ ತೆಗೆಸಿ, ಕಾಗದದ ಮಡಿಕೆಗಳನ್ನು ಕತ್ತರಿಯಿಂದ ಬಿಡಿಸಿ, ಬಿಸಿಲಿಗೆ ಹಿಡಿದು, ಮೇಲೆ ಆಯಸ್ಕಾಂತ ಆಡಿಸಬೇಕು. ಕಂದು ಪ್ಲಾಸ್ಟಿಕ್ ಚೂರು ಸಿಕ್ಕಿದರೆ ಚೈನಿನ ದಬ್ಬೆ ಸವೆದದ್ದು. ಇದು ವಯಸ್ಸಿನ ಲಕ್ಷಣ. ಮಿನುಗುವ ಚೂರು ಆಯಸ್ಕಾಂತಕ್ಕೆ ಅಂಟಿದರೆ ಉಕ್ಕು, ಬಹುಶಃ ಬೇರಿಂಗು; ಅಲ್ಲಿಗೆ ಮಾತುಕತೆ ನಿಲ್ಲಿಸಬಹುದು. ಆಮೇಲೆ ಬೋರೋಸ್ಕೋಪ್. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಇಣುಕುವುದು ಸುಲಭ, ಆದರೆ ಗೀರು ಮೊದಲು ಬೀಳುವುದು ಗೋಡೆಯ ಕೆಳಭಾಗದಲ್ಲಿ. ಅದಕ್ಕೆ ಸಂಪು ಬಿಚ್ಚಿ ಕೆಳಗಿನಿಂದ ಕ್ಯಾಮೆರಾ ತೂರಿಸುವ ಮೆಕ್ಯಾನಿಕ್ಕನ್ನೇ ಹುಡುಕಬೇಕು. ಅವನು ಕೇಳುವ ನಾಲ್ಕೈದು ನೂರು ಡಾಲರಿಗೆ ಚೌಕಾಸಿ ಮಾಡಬಾರದು. ಕಾರು ಕೊಂಡ ಮೇಲೆ ವರ್ಷಕ್ಕೊಮ್ಮೆಯಾದರೂ, ಇಲ್ಲವೇ ಎಂಟು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಬೇಕು. ಎಂಜಿನ್ ಬಿಸಿಯಾದ ಮೇಲೆ ಸಂಕೋಚವಿಲ್ಲದೆ ಮೂರು ಸಾವಿರ ಆರ್‌ಪಿಎಂ ಮೇಲೆ ಓಡಿಸಬೇಕು.

ಐಎಂಎಸ್‌ನ ಬದಲಿ ಬೇರಿಂಗುಗಳಲ್ಲಿ ಎರಡು ದಾರಿಗಳಿವೆ. ಒಂದರಲ್ಲಿ ಉಕ್ಕಿನ ಗುಂಡಿನ ಬದಲು ಸಿಲಿಕಾನ್ ನೈಟ್ರೈಡ್ ಎಂಬ ಸೆರಾಮಿಕ್ಕಿನ ಗುಂಡು. ತೂಕ ಉಕ್ಕಿನ ಅರ್ಧಕ್ಕೂ ಕಡಿಮೆ, ತುಕ್ಕಿಲ್ಲ, ಉಕ್ಕಿಗೆ ಬೆಸೆದುಕೊಳ್ಳುವ ಚಾಳಿಯಿಲ್ಲ. ಹೀಗಿದ್ದರೂ ಇದನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಿ ಎಂದೇ ಮಾರುವವರು ಹೇಳುತ್ತಾರೆ. ಇನ್ನೊಂದರಲ್ಲಿ ಗುಂಡುಗಳನ್ನೇ ಕಿತ್ತುಹಾಕಿ, ಸಾದಾ ಬುಶ್ ಕೂರಿಸಿ, ಒತ್ತಡದ ಆಯಿಲಿಗೆ ಹೊಸ ದಾರಿ ಮಾಡಿಕೊಡುತ್ತಾರೆ. 1960ರ ದಶಕದ 911ರ ಏರ್ಪಾಟೇ ತಿರುಗಿ ಬಂತು ಎನ್ನಬಹುದು. 2006ರಿಂದ 2008ರವರೆಗಿನ ಎಂಜಿನ್ನುಗಳಿಗೆ ಇವೆರಡೂ ಆಗುವುದಿಲ್ಲ. ಪೋರ್ಷೆ ಆಗ 6305ರ ಅಳತೆಯ ದೊಡ್ಡ ಬೇರಿಂಗ್ ಹಾಕಿತು. ಅದು ಕೆಡುವುದು ಅಪರೂಪ, ಆದರೆ ಎಂಜಿನ್ ಹೋಳು ಮಾಡದೆ ಹೊರಬರುವುದಿಲ್ಲ. ಅನುಭವಿ ಮೆಕ್ಯಾನಿಕ್ಕುಗಳು ಮಾಡುವುದಿಷ್ಟೇ: ಕ್ಲಚ್ ಬದಲಿಸುವಾಗ ಅದರ ಹೊರಸೀಲನ್ನು ಕೊಕ್ಕೆಯಿಂದ ಕಿತ್ತೆಸೆದು, ಆಯಿಲ್ ಒಳಗೆ ಹರಿಯಬಿಡುತ್ತಾರೆ.

2009ರ ಮಾದರಿಗೆ ಬಂದ ಹೊಸ ಎಂಜಿನ್ನಿನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟೇ ಇಲ್ಲ. ಕ್ರ್ಯಾಂಕಿನಿಂದಲೇ ನೇರ ಚೈನು. ಲೋಕಾಸಿಲ್ ಹೋಗಿ ಅಲುಸಿಲ್ ಬಂತು. ಹೀಗಾಗಿ 2008ರ 911ಕ್ಕೂ 2009ರದಕ್ಕೂ ಬೆಲೆಯಲ್ಲಿ ಸಾವಿರಾರು ಡಾಲರ್ ವ್ಯತ್ಯಾಸ. ಮೈಕಟ್ಟು ಹೆಚ್ಚುಕಡಿಮೆ ಒಂದೇ. ದೂರದಿಂದ ಗುರುತು ಹಿಡಿಯಬೇಕಾದರೆ ಹಿಂದಿನ ದೀಪ ನೋಡಬೇಕು. ಒಳಗೆ ಮಾಮೂಲಿ ಬಲ್ಬಿದ್ದರೆ ಹಳೆಯ ಎಂಜಿನ್, ಎಲ್‌ಇಡಿ ಇದ್ದರೆ ಹೊಸದು. ಹಳೆಯ ಕಾರಿಗೆ ಹೊಸ ದೀಪ ಸಿಕ್ಕಿಸಿ ಮಾರುವವರೂ ಇರುವುದರಿಂದ ಚಾಸಿ ನಂಬರನ್ನೂ ಒಮ್ಮೆ ಓದಿ ನೋಡುವುದು ಒಳ್ಳೆಯದು.